ಟಿಟ್ಟಿಭಮ್ಮನವರ ಗಂಟಲೂ ನನ್ನ ಆಗದ ಮದುವೆಯೂ

…ಹೋಗಲಿ ಬಿಡಿ ಮಾನ್ಯ ಟಿಟ್ಟಿಭಮ್ಮನವರೇ, ಬೆಳಿಗ್ಗೆ ತಾವು ನನ್ನ ನೆತ್ತಿಗೆ ಎರಗಿದ್ದನ್ನೂ, ಹತ್ತು ಗಂಟೆಗೆ ಟೋಪಿಯ ಮೇಲೆ ದಯಪಾಲಿಸಿದ ಬಿಳಿ ಮುದ್ರೆಯನ್ನೂ ಮರೆತುಬಿಟ್ಟೆ. ಊಟದ ಬಿಡುವಿನಲ್ಲಿ ಆದದ್ದನ್ನು ಮಾತ್ರ ಮರೆಯಲಾಗದೆ, ಮೊಳೆ ಹೊಡೆಯುತ್ತಲೇ ಈ ಪತ್ರವನ್ನು ಫೋನಿಗೆ ಹೇಳುತ್ತಿದ್ದೇನೆ.

ನೆರೆ ಇಳಿದ ಮೇಲೆ ಈ ಹಕ್ಕಿಧಾಮದ ಹಲಗೆ ದಾರಿ ರಿಪೇರಿಗೆಂದು ಎರಡು ದಿನ ರೈಲಿನಲ್ಲಿ ಕೂತು ಬಂದವನು ನಾನು. ಇಷ್ಟು ದೊಡ್ಡ ಜೌಗಿನಲ್ಲಿ ನೆಟ್‌ವರ್ಕ್ ಸಿಗುವುದು ಏರಿಯ ಮೇಲಿನ ಜಲ್ಲಿ ದಿಬ್ಬದಲ್ಲಿ ಮಾತ್ರ. ಕೊಕ್ಕರೆಗಳು ಮರದಲ್ಲಿ, ನೀರುಕೋಳಿಗಳು ಜೊಂಡಿನಲ್ಲಿ, ಮಿಂಚುಳ್ಳಿ ದಡದ ಬಿಲದಲ್ಲಿ ಮರ್ಯಾದೆಯಾಗಿ ಸಂಸಾರ ಹೂಡಿರುವಾಗ, ತಾವು ಒಂದು ಹುಲ್ಲುಕಡ್ಡಿಯನ್ನೂ ತರದೆ ಅದೇ ಜಲ್ಲಿಯ ಮೇಲೆ ನಾಲ್ಕು ಮೊಟ್ಟೆ ಇಟ್ಟು ಕೂತಿರಿ. ಕಾವಲುಗಾರರು ಸುತ್ತ ಹಗ್ಗ ಬಿಗಿದು, ಇಪ್ಪತ್ತು ಹೆಜ್ಜೆ ದೂರ ಇರಬೇಕೆಂದು ಫಲಕ ನೆಟ್ಟರು. ನೆಟ್‌ವರ್ಕ್ ಹದಿನೆಂಟನೇ ಹೆಜ್ಜೆಗೇ ಮುಗಿಯುತ್ತದೆ.

ಆದ್ದರಿಂದ ಫೋನನ್ನು ಬಿದಿರು ಗಳದ ತುದಿಗೆ ಕಟ್ಟಿ, ಸ್ಪೀಕರ್ ಹಾಕಿ, ಹಗ್ಗದಾಚೆ ಚಾಚಿ, "ಅಮ್ಮಾ, ಊಟ ಆಯ್ತಾ?" ಎಂದು ಕೂಗಿದೆ. ಉತ್ತರ ಕೊಟ್ಟವರು ತಾವು, ಅದೂ ಉಸಿರು ಬಿಡದೆ ಐದು ನಿಮಿಷ. ಅಮ್ಮ ಕೇಳುವಷ್ಟು ಕೇಳಿ, "ಯಾರೋ ಅವ್ಳು? ಮದ್ವೆ ಆಗ್ಬಿಟ್ಯಾ? ನಂಗೊಂದ್ ಮಾತು ಹೇಳ್ಬಾರ್ದಿತ್ತಾ?" ಅಂದಳು. ಹಕ್ಕಿ ಅಂದೆ. "ಹಕ್ಕಿಯಂತೆ! ನಿಮ್ಮಪ್ಪನ್ನ ನಾನ್ ಬೈತಿದ್ದ ಹಾಗೇ ಬೈತಿದಾಳೆ, ನಂಗ್ ಗೊತ್ತಾಗಲ್ವಾ?" ಮೊಟ್ಟೆ ಕಾಯ್ತಿದೆ, ನಾಲ್ಕಿವೆ ಎಂದು ವಿವರಿಸುವಷ್ಟರಲ್ಲಿ ಗಾಳಿಗೆ ಗಳ ವಾಲಿ, ಅಮ್ಮನಿಗೆ ಮುಟ್ಟಿದ್ದು ಕೊನೆಯ ಮಾತೊಂದೇ. "ನಾಲ್ಕಾ! ಹೋಗಿ ಎಂಟ್ ತಿಂಗ್ಳಾಗಿಲ್ಲ, ನಾಲ್ಕಾ? ನಾಳೆ ಅವಳ ಕೈಗೆ ಫೋನ್ ಕೊಡು. ನಿನ್ ಹತ್ರ ನಂಗೆ ಮಾತಿಲ್ಲ."

ಆಮೇಲೆ ಆರು ಸಲ ಮಾಡಿದೆ. ಎತ್ತಲಿಲ್ಲ. ಈ ದೇಶಾಂತರದಲ್ಲಿ ನಾನು ಊಟ ಮಾಡಿದೆನೋ ಇಲ್ಲವೋ ಎಂದು ಕೇಳುವ ಜೀವ ಅದೊಂದೇ, ಮಾನ್ಯರೇ.

ತಮ್ಮ ಕಂಠವಿರುವಾಗ ನೆರೆ ಇಲಾಖೆಗೆ ಸೈರನ್ ಏಕೆ ಬೇಕೋ ನಾನರಿಯೆ. ಆ ಮಹಾಕಂಠದಿಂದಲೇ ನಾಳೆ, ತಾವು ಹಕ್ಕಿಯೆಂದೂ, ಪಕ್ಕದಲ್ಲಿ ಒಂಟಿಕಾಲಿನಲ್ಲಿ ನಿಂತಿರುವವರೇ ತಮ್ಮ ಯಜಮಾನರೆಂದೂ ಅಮ್ಮನಿಗೆ ಬಿಡಿಸಿ ಹೇಳಬೇಕು. ಅಷ್ಟು ಕಷ್ಟವಾದರೆ, ಸೊಸೆಗೆ ತಕ್ಕ ದನಿಯಲ್ಲಿ ಎರಡು ಒಳ್ಳೆಯ ಮಾತಾದರೂ ಆಡಬೇಕು. ಸೊಸೆಯೇ ಎಂದುಕೊಳ್ಳಲಿ, ಅಮ್ಮ ಫೋನ್ ಎತ್ತಿದರೆ ಸಾಕು.

ಇಷ್ಟು ಕುಕ್ಕಿಸಿಕೊಂಡ ಮೇಲೂ ತಮ್ಮ ವಿಶ್ವಾಸಿ,
ಹಲಗೆ ದಾರಿಯ ಬಡಗಿ

ತಾ.ಕ.: ನಮ್ಮ ಮನೆಯಲ್ಲಿ ಅಮ್ಮನಿಗೆ ಎದುರು ಮಾತಾಡಿ ಗೆದ್ದವರಿಲ್ಲ; ಗಂಟಲು ಜೋಪಾನ. ನಾಳೆ ಮಧ್ಯಾಹ್ನ ಒಂದೂ ಹತ್ತಕ್ಕೆ ಮತ್ತೆ ಫೋನ್ ಮಾಡುತ್ತೇನೆ, ಮನೆಯಲ್ಲೇ ಇರಿ.