ಟುಂಡ್ರಾದಲ್ಲಿ ಇಲಿ ಹೆಚ್ಚಲಿ

ಗಲ್ಫಿನವರಿಗೆ ಊರಲ್ಲಿ ಸಿಗುವ ಸ್ವಾಗತದ ಬಗ್ಗೆ ನನಗೊಂದು ಹಳೆಯ ಸಿಟ್ಟಿದೆ. ಬ್ಯಾಗು ಕೆಳಗಿಡಲೂ ಬಿಡದೆ "ಯಾವಾಗ ಬಂದದ್ದು?" ಎನ್ನುತ್ತಾರೆ. ಉತ್ತರ ಬಾಯಿಯಿಂದ ಹೊರಡುವ ಮೊದಲೇ "ವಾಪಸ್ ಯಾವಾಗ?" ಎಂಬ ಪ್ರಶ್ನೆ. ಬಂದನೆಂದು ಖುಷಿಯೋ, ಹೋಗುತ್ತಾನೆಂದು ಖುಷಿಯೋ, ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ. ಈ ಜುಲೈಯಲ್ಲಿ ರಜೆಗೆ ಉಳ್ಳಾಲಕ್ಕೆ ಹೋದಾಗಲೂ ಅದೇ ಕತೆ. ನಾನೀಗ ಕೇಳಿಸದವನ ಹಾಗೆ ಆಚೆ ನಡೆದುಬಿಡುತ್ತೇನೆ. ಅದಿರಲಿ, ಹೇಳಹೊರಟದ್ದು ಇಲಿಯ ವಿಷಯ.

ಇಲಿ ಕಂಡರೆ ನಾನು ಮಾರು ದೂರ ಓಡುವವನು. ಅಂಥವನು ಈ ಬೇಸಿಗೆಯಿಡೀ ಇಲಿಗಳ ಸಂತಾನ ಹೆಚ್ಚಲಿ ಎಂದು ಹಾರೈಸುತ್ತ ಕೂತಿದ್ದೆ. ಕಾರಣ ಒಂದು ಹಕ್ಕಿ. ನಾನಿರುವ ಅಬುಧಾಬಿಯಲ್ಲಿ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬದಿಯ ಕೆಸರು ದಂಡೆಯಲ್ಲಿ, ನನ್ನ ವಾಕಿಂಗಿನ ಹೊತ್ತಿಗೆ ಚಳಿಗಾಲವೆಲ್ಲ ಕಾಣುತ್ತಿದ್ದ ಗುಬ್ಬಿಯಷ್ಟೇ ದೊಡ್ಡ ಕಂದು ಹಕ್ಕಿ. ಕಾಲಿಗೆ ಯಾರೋ ಸಂಶೋಧಕರು ಕಟ್ಟಿದ ಹಳದಿ ಪಟ್ಟಿ. ನೀರು ಸರಿದರೆ ಓಡಿಹೋಗಿ ಕೆಸರು ಕುಕ್ಕುತ್ತದೆ, ನೀರು ಬಂದರೆ ಹಿಂದಕ್ಕೆ ಓಡುತ್ತದೆ. ಆಫೀಸಿನಲ್ಲಿ ಮ್ಯಾನೇಜರ್ ಎದುರು ನಾನು ಮಾಡುವುದೂ ಹೆಚ್ಚುಕಡಿಮೆ ಇದನ್ನೇ, ಹಾಗಾಗಿ ಸಲುಗೆ ಬೆಳೆಯಿತು. ಮೇ ತಿಂಗಳಲ್ಲಿ ಹಕ್ಕಿ ಮಾಯ. ಮೊಟ್ಟೆಯಿಡಲು ಉತ್ತರಧ್ರುವದ ಹತ್ತಿರ, ಮರವೇ ಬೆಳೆಯದ ಟುಂಡ್ರಾ ಬಯಲಿಗೆ ಹೋಗಿರುತ್ತದೆಂದು ಮೊಬೈಲು ತಿಳಿಸಿತು.

ಅಂದಿನಿಂದ ಶುರುವಾಯಿತು ನನ್ನ ತಳಮಳ. ಹೊರಗೆ ನಮ್ಮ ಬಡಾವಣೆ ಖಲೀಫಾ ಸಿಟಿಯ ಉರಿಬಿಸಿಲು, ಒಳಗೆ ಎಸಿ ಹಾಕಿಕೊಂಡು ನಾನು ಟುಂಡ್ರಾದ ವಿಡಿಯೋ ನೋಡುವುದು. ಅಲ್ಲಿ ಲೆಮಿಂಗ್ ಎಂಬ ಗುಂಡುಗುಂಡಗಿನ ಇಲಿಯಿದೆ. ಅದು ಹೇರಳವಾದ ವರ್ಷ ನರಿ ಅದನ್ನೇ ತಿಂದು ಸುಮ್ಮನಿರುತ್ತದೆ. ಇಲಿ ಕಡಿಮೆಯಾದರೆ ನರಿ ಹಕ್ಕಿಗಳ ಗೂಡಿಗೆ ಬಾಯಿ ಹಾಕುತ್ತದೆ.

"ಅಲ್ಲಿ ಇಲಿ ಚೆನ್ನಾಗಿ ಆಗ್ಲಿ ಅಂತ ಒಂದು ದುವಾ ಮಾಡು" ಎಂದೆ ಹೆಂಡತಿ ಜುಬೇದಾಳಿಗೆ.

"ನಿಮ್ಗೆ ಮಂಡೆ ಸಮ ಉಂಟಾ? ಮೊನ್ನೆ ಕಿಚನ್‌ಗೆ ಇಲಿ ಬಂತೂಂತ ಸೋಫಾ ಹತ್ತಿ ನಿಂತದ್ದು ಯಾರು?"

"ಅದು ಬೇರೆ ಇಲಿ."

"ಸರಿ, ನಿಮ್ಮ ಹಕ್ಕಿ ವಾಪಸ್ ಬರ್ಲಿಲ್ಲಾಂದ್ರೆ?"

"ಈ ದೇಶದಿಂದ ಆರು ತಿಂಗಳು ಹೊರಗಿದ್ರೆ ವೀಸಾ ಖಲಾಸ್. ಅದ್ರೊಳಗೆ ಬರ್ತದೆ" ಎಂದೆ. ಹೇಳಿದ್ದು ತಮಾಷೆಗೆ, ಒಳಗೆ ನಿಜವಾಗಿಯೂ ಹೆದರಿಕೆಯಿತ್ತು. ಅಷ್ಟು ಸಣ್ಣ ಜೀವ, ಅಷ್ಟು ದೂರ.

ರಜೆ ಮುಗಿಸಿ ಬಂದ ಮೇಲೆ, ಆಗಸ್ಟಿನ ಒಂದು ಬೆಳಿಗ್ಗೆ ಬೆವರು ಸುರಿಸುತ್ತ ದಂಡೆಗೆ ಹೋದೆ. ನಾನು ತಲೆಸುತ್ತಿ ಬಿದ್ದರೆ ಎತ್ತಲು ಒಬ್ಬರು ಬೇಕೆಂದು ಜುಬೇದಾಳೂ ಬಂದಳು. ನೀರು ಇಳಿದಿತ್ತು. ಕೆಸರಿನ ಅಂಚಿನಲ್ಲಿ, ಬಣ್ಣ ಮಾಸಿ ಸೊರಗಿಹೋದ ಪುಟ್ಟ ಹಕ್ಕಿಯೊಂದು ಓಡಾಡುತ್ತಿತ್ತು. ಕಾಲಲ್ಲಿ ಹಳದಿ ಪಟ್ಟಿ! ಗೂಡು ಉಳಿಯಿತೇ, ಮರಿಗಳಾದವೇ, ಇಲಿಗಳಿದ್ದವೇ, ಕೇಳಬೇಕಾದದ್ದು ಎಷ್ಟೊಂದಿತ್ತು. ಬಗ್ಗಿ, ಮೆಲ್ಲಗೆ ಬಾಯಿ ತೆರೆದೆ.

"ಯಾವಾಗ ಬಂದದ್ದು ಮಾರಾಯಾ? ವಾಪಸ್ ಯಾವಾಗ?"

ಜುಬೇದಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಕ್ಕಿ ಮಾತ್ರ ಕೇಳಿಸದವರ ಹಾಗೆ ಆಚೆ ನಡೆದುಬಿಟ್ಟಿತು.