ಅಡ್ಡಿಗೇರಿಯ ಬಸ್ಸು

ನೆಗಡಿಯನ್ನು ಯಾರೂ ರೋಗವೆಂದು ಒಪ್ಪದಿರುವುದೇ ಅದರ ದೊಡ್ಡ ತೊಂದರೆ. ಜ್ವರ ಬಂದವನ ಹಣೆ ಮುಟ್ಟಿ "ಅಯ್ಯೋ ಪಾಪ" ಅನ್ನುವವರು, ನೆಗಡಿ ಬಂದವನಿಂದ ಮಾರುದೂರ ಸರಿದು ಕೂತು "ನೆಗಡಿ ತಾನೇ?" ಅನ್ನುತ್ತಾರೆ. ನಾನೂ ಹಾಗೇ ಅಂದುಕೊಂಡವನು. ಸಾಲದ್ದಕ್ಕೆ ನನಗೆ ದಿನಚರಿ ಬರೆಯುವ ಚಟ. ಕಂಡಕ್ಟರ್ ಕೆಲಸಕ್ಕೆ ಸೇರಿದಾಗಿನಿಂದ ಅದರಲ್ಲಿ ರಜೆಗೆಂದು ಗೆರೆ ಹೊಡೆದಿಟ್ಟ ಜಾಗ ಖಾಲಿಯೇ ಉಳಿದಿತ್ತು. ಕೆಲವರಿಗೆ ತಮ್ಮ ಮೀಸೆಯ ಮೇಲೆ ಇರುವಂಥ ಅಭಿಮಾನ ನನಗೆ ಆ ಖಾಲಿ ಜಾಗದ ಮೇಲೆ.

ಎಂಬತ್ನಾಲ್ಕನೇ ಇಸವಿ, ಸಂಕ್ರಾಂತಿ ಕಳೆದ ವಾರ. ಗುರುವಾರ ಮುಂಜಾನೆ ಏಳುವಾಗ ಮೂಗಿನ ಎರಡೂ ಬಾಗಿಲು ಬಂದ್. "ಇವತ್ತೊಂದಿನ ಮಲಕೋಪಾ, ನೀ ಹೋಗದಿದ್ರ ಬಸ್ಸೇನು ಅಳತೈತೇನು?" ಅಂದಳು ಅವ್ವ. ಕೇಳಲಿಲ್ಲ. ಮಫ್ಲರ್ ಸುತ್ತಿಕೊಂಡು ನವಲಗುಂದದ ಸ್ಟ್ಯಾಂಡಿಗೆ ಹೋಗಿ, ಬಸ್ಸಿನ ಬಾಗಿಲಲ್ಲಿ ನಿಂತು ಕೂಗಿದೆ. ಮೂಗು ಕಟ್ಟಿದವನ ಬಾಯಲ್ಲಿ ಣಕಾರ ಡಕಾರವಾಗುತ್ತದೆ, ನಕಾರ ದಕಾರವಾಗುತ್ತದೆ ಎಂಬ ವ್ಯಾಕರಣವನ್ನು ನನಗೆ ಯಾವ ಮಾಸ್ತರರೂ ಕಲಿಸಿರಲಿಲ್ಲ. "ಅಣ್ಣಿಗೇರಿ" ಎಂದು ಹೊರಟದ್ದು "ಅಡ್ಡಿಗೇರಿ! ಅಡ್ಡಿಗೇರಿ!" ಎಂದು ಹೊರಬಿತ್ತು.

ಮುಂದಿನ ಸೀಟಿನಲ್ಲಿ ಟೆರಿಲಿನ್ ಅಂಗಿಯ ಒಬ್ಬ ಹುಡುಗ, ಅವನ ತಂದೆ ಮತ್ತು ಸೋದರತ್ತೆ. ಅಣ್ಣಿಗೇರಿಗೆ ಕನ್ಯೆ ನೋಡಲು ಹೊರಟವರು. ಅತ್ತೆ ಸೆರಗು ಸರಿಮಾಡಿಕೊಂಡು ಕೇಳಿದಳು: "ಕಂಡಕ್ಟರ್ರ, ಊರಿನ ಹೆಸರು ಏನಂದ್ರಿ?"

"ಅಡ್ಡಿಗೇರಿರೀ."

"ಶುಭಕಾರ್ಯಕ್ಕ ಹೊಂಟೀವಿ, ಅಡ್ಡಿ ಅಂತಾನಲ್ಲೋ ಇವ!"

"ಅತ್ತೀ, ಅವ್ರಿಗೆ ನೆಗಡಿ ಆಗೇತಿ," ಅಂದ ಹುಡುಗ. ಹುಡುಗಿಯ ಫೋಟೋ ಮನಸ್ಸಿಗೆ ಬಂದಿತ್ತೆಂದು ಕಾಣುತ್ತದೆ. ಹತ್ತಿದಾಗಿನಿಂದ ಅಂಗಿಯ ಕಿಸೆ ಮುಟ್ಟಿ ನೋಡಿಕೊಳ್ಳುತ್ತಿದ್ದ.

"ನೆಗಡಿ ಆದವ ಮನ್ಯಾಗ ಇರಬೇಕು, ನಮ್ಮ ದಾರಿಗ್ಯಾಕ ಬಂದಾನ?"

ಅಷ್ಟಕ್ಕೇ ಮುಗಿಯುತ್ತಿತ್ತೇನೋ. ನಾನು ಸೀಟಿ ಊದಲು ಬಾಯಿ ತೆರೆದೆ. ಸೀನು ಬಂತು. ಒಂದೇ ಒಂದು.

ಒಂಟಿ ಸೀನು! ಎರಡಾದರೆ ಶುಭ, ಒಂದಾದರೆ ಹೊರಟವರು ನಿಲ್ಲಬೇಕು. ಇಡೀ ಬಸ್ಸು ನನ್ನ ಮೂಗನ್ನೇ ನೋಡತೊಡಗಿತು.

"ಲೇ, ಇನ್ನೊಂದು ಸೀನಲೇ, ಒಂದು ಮದಿವಿ ಉಳೀತೈತಿ," ಅಂದ ಡ್ರೈವರ್ ಕಾಕಾ. ಅಜ್ಜನೊಬ್ಬ ತಪಕೀರಿನ ಡಬ್ಬಿ ಚಾಚಿದ. ಕಟ್ಟಿದ ಮೂಗಿಗೆ ನಶ್ಯ ಏರಬೇಕಲ್ಲ! ಸೂರ್ಯನನ್ನು ನೋಡಿದೆ, ಟಿಕೆಟ್ಟಿನ ತುದಿ ಸುರುಳಿ ಮಾಡಿ ಮೂಗಿಗೆ ತುರುಕಿದೆ. ಕಣ್ಣಲ್ಲಿ ನೀರು ಬಂತೇ ಹೊರತು ಸೀನು ಬರಲಿಲ್ಲ. "ಇಳೀರಿ," ಅಂದಳು ಅತ್ತೆ. ಹುಡುಗ ಎಲ್ಲರಿಗಿಂತ ಕೊನೆಗೆ ಇಳಿದ.

ಊರು ದಾಟಿ ಹತ್ತಿ ಹೊಲಗಳ ನಡುವೆ ಬಂದಾಗ ಸೀನುಗಳು ಬಂದವು, ಜೋಡಿ ಜೋಡಿಯಾಗಿ. "ಈಗ ಯಾರಿಗೆ ಶುಭಾನೋ?" ಅಂದ ಕಾಕಾ.

ಅಣ್ಣಿಗೇರಿಯಲ್ಲಿ ಹುಡುಗಿಯ ತಂದೆ ಹೊಸ ರುಮಾಲು ಸುತ್ತಿಕೊಂಡು ಕಾಯುತ್ತಿದ್ದರು. ಬಸ್ಸು ಖಾಲಿಯಾಗುವವರೆಗೆ ಬಾಗಿಲನ್ನೇ ನೋಡಿ, "ನವಲಗುಂದದವರು ಮೂರು ಮಂದಿ ಬರಲಿಲ್ರೀ?" ಅಂದರು. ನಿಜ ಹೇಳುವ ಧೈರ್ಯವಾಗದೆ, "ನಾಳಿ ಬರ್ತಾರ್ರೀ" ಅನ್ನಲು ಹೋದೆ.

"ದಾಳಿ ಬರ್ತಾರ್ರೀ."

"ದಾಳಿನಾ?" ಅವರು ಗಾಬರಿಯಾದರು. ಕಾಕಾ ನಡುವೆ ಬಂದು ನಡೆದದ್ದನ್ನೆಲ್ಲ ಹೇಳಿದ. ಬೈಗುಳಕ್ಕೆಂದು ನಾನು ತಲೆ ತಗ್ಗಿಸಿ ನಿಂತೆ. ಅವರು ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು, "ಬ್ಯಾರೆ ದಿನ ಬಂದಾರು ಬಿಡ್ರಿ. ಮಗಳು ಮುಂಜಾನಿಂದ ಒಲಿ ಮುಂದ ಕುಂತು ಶಿರಾ ಮಾಡ್ಯಾಳ, ಕೆಡಬಾರದು. ಬರ್ರಿ," ಎಂದು ರಸ್ತೆಯಾಚೆಗಿದ್ದ ಮನೆಗೆ ಕರೆದರು.

ನವಲಗುಂದದವರು ಬೇರೆ ದಿನವೂ ಬರಲಿಲ್ಲ. ಆ ಹುಡುಗನಿಗೆ ಗುಡಗೇರಿಯ ಹೆಣ್ಣು ತಂದರೆಂದು ಆಮೇಲೆ ಕೇಳಿದೆ. ಆ ಹೆಸರಿನಲ್ಲಿ ನೆಗಡಿ ಕೆಡಿಸುವಂಥ ಅಕ್ಷರವಿಲ್ಲ. ಅಣ್ಣಿಗೇರಿಯ ಹುಡುಗಿಯ ಸಂಗತಿ ವಿಚಾರಿಸುವ ಧೈರ್ಯ ನನಗಿನ್ನೂ ಬಂದಿಲ್ಲ.

ಅವತ್ತು ಅವರ ಮನೆಯಲ್ಲಿ ಕಾಕಾ ಶಿರಾ ಎರಡು ಸಲ ಬಡಿಸಿಕೊಂಡು, "ಯಾಲಕ್ಕಿ, ತುಪ್ಪ, ಅಗದಿ ಘಮ್ ಅಂತೈತಿ," ಅಂದ. ನನ್ನ ನಾಲಗೆಗೆ ಅದು ರವೆಯೋ ಉಸುಕೋ ತಿಳಿಯಲಿಲ್ಲ. "ನಿಮಗ ಹೆಂಗ ಅನಿಸ್ತ್ರಿ?" ಎಂದು ತಂದೆ ಕೇಳಿದರು. ಉತ್ತರ ಕೇಳಲು ಅಡುಗೆಮನೆಯ ಬಾಗಿಲಿಗೆ ಹುಡುಗಿಯೂ ಬಂದು ನಿಂತಳು.

"ಛಲೋ ಆಗೇತ್ರಿ," ಅಂದೆ. ಇಡೀ ದಿನದಲ್ಲಿ ನನ್ನ ಬಾಯಿಂದ ಸ್ವಚ್ಛವಾಗಿ ಹೊರಬಿದ್ದ ಮಾತು ಅದೊಂದೇ. ಅದು ನಿಜವೋ ಸುಳ್ಳೋ ನನಗೆ ಗೊತ್ತಿರಲಿಲ್ಲ.