ಒಂದು ಟೋಕನ್, ಎರಡು ಅರ್ಜಿ

ನಾಟಿ ಮುಗಿದು ಇಪ್ಪತ್ತು ದಿನವಾಗಿತ್ತು. ಕಾಲುವೆ ನೀರು ಒಂದು ಗದ್ದೆಯಿಂದ ಇನ್ನೊಂದಕ್ಕೆ ಗುಳುಗುಳು ಇಳಿಯುತ್ತಿತ್ತು. ಪ್ರಭುರಾಜ ಮೊಣಕಾಲುದ್ದ ಕೆಸರಲ್ಲಿ ನಿಂತು ಕಳೆ ಕೀಳುತ್ತಿದ್ದಾಗ ಪಕ್ಕದ ಹೊಲದ ಮದಾರಸಾಬ ಬದುವಿನ ಮೇಲೆ ಓಡೋಡಿ ಬಂದ. ಕೈಯಲ್ಲಿ ಮೊಬೈಲು, ಮುಖದಲ್ಲಿ ಆಗಲೇ ಅರ್ಧ ಊರಿಗೆ ಸುದ್ದಿ ಹಂಚಿ ಬಂದ ಕಳೆ.

“ಏ ನಲವತ್ತಾರು! ಕೊಪ್ಪಳದ ಕಾಲೇಜಿನ್ಯಾಗ ಎಂ.ಎ. ಸೀಟು ಉಳದಾವಂತ. ಮಾರ್ಕ್ಸ್ ಕೇಳಂಗಿಲ್ಲಂತ, ಪಾಸಾಗಿದ್ರ ಸಾಕಂತ. ಮೊದಲ ಬಂದವರಿಗೆ ಮೊದಲ. ಇವತ್ತ ಕಡೀ ದಿನ!”

ನಲವತ್ತಾರು ಎಂಬುದು ಪ್ರಭುರಾಜನಿಗೆ ಬಿ.ಎ.ಯಲ್ಲಿ ಬಂದ ಪರ್ಸೆಂಟು. ಎಂ.ಎ.ಗೆ ಐವತ್ತು ಬೇಕು. ಎರಡು ವರ್ಷ ಅರ್ಜಿ ಹಾಕಿ ಎರಡು ವರ್ಷವೂ ವಾಪಸು ಬಂದಮೇಲೆ, ಎಮ್ಮೆ ಕಾಯುವ ಮುದುಕರೂ ಅವನನ್ನು ಅಂಕಿಯಿಂದಲೇ ಕರೆಯುತ್ತಿದ್ದರು. ಅವನೇನು ದಡ್ಡನಲ್ಲ. ಆದರೆ ಪರೀಕ್ಷೆಗೆ ಕೂತರೆ ಪ್ರಶ್ನೆಯ ಜೊತೆಗೇ ಜಗಳಕ್ಕೆ ಬೀಳುತ್ತಿದ್ದ. ‘ವಿಜಯನಗರದ ಪತನಕ್ಕೆ ಐದು ಕಾರಣ ಬರೆಯಿರಿ’ ಎಂದರೆ ‘ಐದೇ ಯಾಕೆ?’ ಎಂದು ಶುರುಮಾಡಿ, ಆರು ಪುಟ ತುಂಬಿಸಿ, ಒಂದೂ ಕಾರಣ ಹೇಳದೆ ಎದ್ದು ಬರುತ್ತಿದ್ದ.

“ಇವತ್ತ ಸೀಟು ತಗೊಂಡ ಬರ್ತೀನಿ ಕಾಕಾ. ಆಮ್ಯಾಲೆ ಯಾವಾವ ನಲವತ್ತಾರು ಅಂತಾನ ನೋಡ್ತೀನಿ!”

“ಒಬ್ಬನ ಹೋಗಬ್ಯಾಡ ಮತ್ತ. ಸುರೇಖಾನ್ನ ಕರ್ಕೊಂಡ ಹೋಗು. ಯೂರಿಯಾ ಪಾಳಿ ಮರತ್ಯಾ? ಗಂಡಸರ ಸಾಲು ಮಾರುದ್ದ, ಹೆಣ್ಮಕ್ಕಳ ಸಾಲು ಗೇಣುದ್ದ. ಯಾವದು ಲಗೂ ಮುಗೀತೈತಿ, ನೀನ ಹೇಳು.”

ಗೊಬ್ಬರದಂಗಡಿಯ ಮುಂದೆ ಮೂರು ದಿನ ನಿಂತ ಊರಿಗೆ ಇದಕ್ಕಿಂತ ದೊಡ್ಡ ಜ್ಞಾನ ಬೇರೆ ಇರಲಿಲ್ಲ. ಪ್ರಭುರಾಜ ಕಾಲು ತೊಳೆದು, ಹೆಂಡತಿ ಸುರೇಖಾಳನ್ನು ಕರೆದುಕೊಂಡು ಹೊರಟೇಬಿಟ್ಟ. ಅವ್ವ ಬಸವಣ್ಣೆಮ್ಮ ಕಟ್ಟೆಯ ಮೇಲಿಂದಲೇ ನಕ್ಕಳು: “ಹೆಣ್ತೀನ್ನ ಪಾಳಿಗೆ ಹಚ್ಚಿ ಇಂವ ಎಮ್ಮೆ ಮಾಡ್ತಾನಂತ!”

ಕೊಪ್ಪಳಕ್ಕೆ ಬಂದು ನೋಡಿದರೆ ಮದಾರಸಾಬನ ಮಾತು ಅಕ್ಷರಶಃ ನಿಜ. ಗಂಡಸರ ಸಾಲಿನಲ್ಲಿ ನಲವತ್ತು ಮಂದಿ, ಹೆಂಗಸರ ಸಾಲಿನಲ್ಲಿ ಮೂವರು. ಆ ಸಾಲಿನಿಂದ ಒಬ್ಬರು, ಈ ಸಾಲಿನಿಂದ ಒಬ್ಬರು ಎಂದು ಕರೆಯುತ್ತಿದ್ದರು. ಆದರೆ ಟೋಕನ್ ಕೊಡುವವನು ಸುರೇಖಾಳನ್ನು ತಡೆದ. “ಸ್ವಂತ ಅರ್ಜಿ ಇಲ್ಲದವರಿಗೆ ಟೋಕನ್ ಇಲ್ರೀ ಅಕ್ಕಾರ.”

ಪ್ರಭುರಾಜ ಹೆದರಲಿಲ್ಲ. ಯೂರಿಯಾ ಪಾಳಿಯ ರೂಢಿಯಂತೆ ಮನೆಯ ಕಾಗದಪತ್ರವನ್ನೆಲ್ಲ ಒಂದೇ ಚೀಲದಲ್ಲಿ ತುಂಬಿಕೊಂಡು ಬಂದಿದ್ದ: ಪಹಣಿ, ಆಧಾರ್, ರೇಷನ್ ಕಾರ್ಡು, ಸುರೇಖಾಳ ಬಿ.ಎ. ಅಂಕಪಟ್ಟಿ. ಮದುವೆಯಾದಮೇಲೆ ಅವಳಿಗೆ ದೂರಶಿಕ್ಷಣದಲ್ಲಿ ಬಿ.ಎ. ಕಟ್ಟಿಸಿದ್ದವನೂ, ರೊಟ್ಟಿ ಬಡಿಯುವ ಹೊತ್ತಿನಲ್ಲಿ ಪಾಠ ಹೇಳಿದವನೂ ಅವನೇ.

“ನಾ ಯಾಕ್ರೀ ಅರ್ಜಿ ಹಾಕ್ಲಿ?”

“ಬರೇ ಟೋಕನ್ನಿಗೆ. ಒಳಗ ಹೋದಮ್ಯಾಲೆ ನಂದು ಕೊಡೂನು.”

ಹೊಸ ಅರ್ಜಿ ಕೊಂಡು, ಗೋಡೆಗಿಟ್ಟು, ಮುತ್ತು ಪೋಣಿಸಿದಂತೆ ತಾನೇ ತುಂಬಿದ. ಗಂಡಸರ ಸಾಲಿನಿಂದ ಒಬ್ಬ ಕೂಗಿದ: “ಹೆಣ್ತಿ ಸೆರಗ ಹಿಡಕೊಂಡ ಎಂ.ಎ. ಮಾಡಾವನ್ನ ನೋಡ್ರಲೇ!”

“ಸೆರಗ ಹಿಡೀಬಾರದಂತ ಎಲ್ಲಿ ಬರದೈತಿ, ತೋರ್ಸಪಾ!” ಎಂದು ಪ್ರಭುರಾಜ ತಿರುಗಿಬಿದ್ದ. ಸಾಲು ಜೇನುಗೂಡಿಗೆ ಕಲ್ಲು ಬಿದ್ದಂತೆ ಗುಂಯ್‌ಗುಟ್ಟಿತು. ಕಾವಲುಗಾರ ಇವನ ತೋಳು ಹಿಡಿಯುವಷ್ಟರಲ್ಲಿ ಸುರೇಖಾಳ ನಂಬರು ಬಂತು. ಇಬ್ಬರೂ ಒಳಗೆ ನುಗ್ಗಿದರು.

ಪ್ರಾಧ್ಯಾಪಕರು ಎರಡೂ ಅರ್ಜಿಯನ್ನು ಅಕ್ಕಪಕ್ಕ ಇಟ್ಟುಕೊಂಡರು. “ಇತಿಹಾಸದಾಗ ಇನ್ನ ಒಂದ ಸೀಟು ಐತಿ. ಟೋಕನ್ನೂ ಒಂದು. ಅರ್ಜಿ ಎರಡು ಹೆಂಗ್ರೀ?”

“ಆಕೀದು ಬಿಡ್ರಿ ಸರ. ಬರೇ ಟೋಕನ್ನಿಗೆ ಹಾಕಿದ್ದು.”

“ಹಂಗಾರ ಟೋಕನ್ನ ಖೊಟ್ಟಿ ಆತು. ಹೋಗಿ ಗಂಡಸರ ಸಾಲಿನ ಹಿಂದ ನಿಂದರ್ರಿ.”

ಹೊರಗಿನ ನಲವತ್ತು ಮುಖಗಳು ಪ್ರಭುರಾಜನ ಕಣ್ಣಮುಂದೆ ಸುಳಿದವು. “ಇಲ್ಲಿಲ್ಲ ಸರ! ಆಕೀದೂ ಖರೇ ಅರ್ಜಿನ! ಪಾಸಾಗ್ಯಾಳ, ಸಹಿ ಐತಿ, ಯಾಕ ತಗೊಳ್ಳಂಗಿಲ್ಲ ನೀವು?” ಎಂದು ಮೇಜು ಗುದ್ದಿದ.

“ತಗೋತೀನಿ, ಸಿಟ್ಟ್ಯಾಕ?” ಪ್ರಾಧ್ಯಾಪಕರು ನಿಯಮದ ಹಾಳೆ ತಿರುವಿದರು. “ಒಂದ ಟೋಕನ್ನಿನ ಮ್ಯಾಲೆ ಇಬ್ಬರೂ ಒಮ್ಮೆಲೇ ಬಂದೀರಿ. ಮೊದಲ ಬಂದವರು ಯಾರಂತ ಹೇಳಾಕ ಬರಂಗಿಲ್ಲ. ಅಂಥಲ್ಲಿ ಮಾತ್ರ ಮಾರ್ಕ್ಸ್ ನೋಡಬೇಕು.” ಕನ್ನಡಕ ಏರಿಸಿದರು. “ನಿಮ್ಮದು ನಲವತ್ತಾರು. ಇವರದು ಎಪ್ಪತ್ತೊಂದು.”

“ಸರ, ಆ ಎಪ್ಪತ್ತೊಂದು ಕಲಿಸಿದಾವ ನಾನ!”

“ಭಾಳ ಛಲೋ ಕಲಿಸೀರಿ.”

ಪ್ರಭುರಾಜ ಹೆಂಡತಿಯ ಕಡೆ ತಿರುಗಿದ. “ಒಲ್ಲೆ ಅನ್ನು.”

ಸುರೇಖಾ ಅವನನ್ನು ನೋಡಿದಳು, ಅಂಕಪಟ್ಟಿಯನ್ನು ನೋಡಿದಳು. ಆಮೇಲೆ ಸೆರಗು ಸರಿಪಡಿಸಿಕೊಂಡು ಕೇಳಿದಳು: “ಸರ, ಕ್ಲಾಸು ಯಾವತ್ತಿಂದ್ರಿ?”

ಗುಮಾಸ್ತ ಫಾರ್ಮನ್ನು ಪ್ರಭುರಾಜನ ಮುಂದೆ ಸರಿಸಿದ. “ಪಾಲಕರು ಅಂತ ಐತಲ್ರಿ, ಅಲ್ಲಿ ನೀವೊಂದ ಸಹಿ ಒಗೀರಿ.”

ಪ್ರಭುರಾಜ ಸಹಿ ಮಾಡಿದ. ಅದರ ಕೆಳಗೆ, ಯಾರೂ ಕೇಳದಿದ್ದರೂ, ‘ತೀವ್ರ ಆಕ್ಷೇಪಣೆಯೊಂದಿಗೆ’ ಎಂದು ಬರೆದು ಎರಡು ಗೆರೆ ಎಳೆದ.

“ಅದನ್ನ ಹೊಡದ ಹಾಕ್ರೀ, ನನ್ನ ಅರ್ಜಿ ಕೆಡತೈತಿ,” ಎಂದಳು ಸುರೇಖಾ.

“ಸತ್ತರೂ ಹೊಡಿಯಂಗಿಲ್ಲ!”

ಗುಮಾಸ್ತ ಬರಹ ಅಳಿಸುವ ಬಿಳಿ ಬಣ್ಣದ ಸೀಸೆ ತೆಗೆದು ಆ ಸಾಲಿನ ಮೇಲೆ ಸವರಿದ, ಫೂ ಎಂದು ಊದಿ ಆರಿಸಿದ, ಸರಿಯಾಗಿ ಅದರ ಮೇಲೆಯೇ ಸಿಕ್ಕಾ ಒತ್ತಿದ.